ಬೂಸಾ ಎಂದರೆ ಬೈಗುಳವೇ?

ಮೊನ್ನೆ ವನಗೂರಿನ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಚಿತ್ರಕಲಾ ಶಿಕ್ಷಕ, ಜಗಲಿಯಲ್ಲಿ ಕುಳಿತು ‘ದಾದಾ’ ಪಂಥದ ಕಥೆ ಹೇಳಿದ. 1916ರಲ್ಲಿ, ಮಹಾಯುದ್ಧದ ನಡುವೆ, ಜ್ಯೂರಿಕ್ ನಗರದಲ್ಲಿ ಸೇರಿದ ಕವಿ ಕಲಾವಿದರು ತಮ್ಮ ಬಂಡಾಯಕ್ಕೆ ಇಟ್ಟುಕೊಂಡ ಹೆಸರದು. ಫ್ರೆಂಚರಿಗೆ ಅದು ಮಕ್ಕಳ ಆಟದ ಕುದುರೆ. ರುಮೇನಿಯದವರಿಗೆ ‘ಹೌದು ಹೌದು’. “ನಮ್ಮಲ್ಲಿ ಇಂಥ ತುಂಟ ಹೆಸರಿನ ಚಳವಳಿಯೇ ಇಲ್ಲವಲ್ಲ ಮೇಷ್ಟ್ರೇ” ಎಂದ. “ಇದೆಯಪ್ಪಾ, ಬೂಸಾ” ಎಂದೆ. ಅವನು ನಕ್ಕುಬಿಟ್ಟ. ಆ ನಗೆಗೆ ಉತ್ತರವಾಗಿ ಈ ಬರಹ.

1973ರ ನವೆಂಬರಿನಲ್ಲಿ, ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ನಾಡೆಲ್ಲ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಕುವೆಂಪು ಅವರು ಬೆಂಬಲಕ್ಕೆ ನಿಂತರೂ ಸಚಿವರು ರಾಜೀನಾಮೆ ಕೊಡಬೇಕಾಯಿತು. ಆಗ ಶಿಕ್ಷಕ ತರಬೇತಿಯಲ್ಲಿದ್ದ ನಾನೂ ಮೆರವಣಿಗೆಯಲ್ಲಿ ಧಿಕ್ಕಾರ ಕೂಗಿದ್ದೆ. ಪಕ್ಕದ ಬೆಂಚಿನ ಗೆಳೆಯ ಮರುದಿನದಿಂದ ನನ್ನೊಡನೆ ಮಾತು ಬಿಟ್ಟ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ; ಕಾರಣ ಗೊತ್ತಿತ್ತು.

ಬೂಸಾ ಎಂದರೆ ಕಸ ಎಂದು ಅಂದು ಕೂಗಿದವರು, ಇಂದಿಗೂ ಹಾಗೆಯೇ ಬರೆಯುವವರು, ಕೊಟ್ಟಿಗೆಯನ್ನು ಕಂಡವರಲ್ಲ. ಗೋಧಿ ಬೀಸಿದಾಗ ಬೇರ್ಪಡುವ ಮೇಲ್ಸಿಪ್ಪೆಯೇ ಬೂಸಾ. ನಮ್ಮವ್ವ ಅದನ್ನು ಕಲಗಚ್ಚಿನಲ್ಲಿ ಕಲಸಿ ಹಸುವಿನ ಮುಂದಿಡುತ್ತಿದ್ದಳು. ಕಸವನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ.

ಹಾಗೆಂದು ಆ ಮಾತನ್ನು ಹೊಗಳಿಕೆಯಾಗಿ ತಿರುಚುವವನೂ ನಾನಲ್ಲ. ಕಾಳು ಒಬ್ಬರ ತಟ್ಟೆಗೆ ಹೋಗಿ, ಸಿಪ್ಪೆ ಇನ್ನೊಬ್ಬರ ಮುಂದೆ ಬಿದ್ದಾಗ ಅದು ಬೂಸಾ. ತನ್ನ ಕೇರಿಯ ಬದುಕನ್ನು ಪುಸ್ತಕದಲ್ಲಿ ಹುಡುಕಿ ಕಾಣದವನು ಇದಕ್ಕಿಂತ ಸರಿಯಾದ ಪದವನ್ನು ಎಲ್ಲಿಂದ ತರಬೇಕಿತ್ತು? ವಚನಗಳಿಲ್ಲವೇ ಎಂದು ಕೇಳುತ್ತಾರೆ. ಇವೆ. ಅವರು ‘ಎಲ್ಲವೂ’ ಎನ್ನಲಿಲ್ಲ, ‘ಹೆಚ್ಚಿನದು’ ಎಂದರು. ಒಂದು ಪದದ ವ್ಯತ್ಯಾಸವನ್ನು ಓದಲಾರದವರು ಸಾಹಿತ್ಯವನ್ನು ಕಾಪಾಡಲು ಬೀದಿಗಿಳಿದಿದ್ದೆವು!

ದಾದಾ ಹೆಸರಿನ ಅರ್ಥವನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ಬೂಸಾ ಪದದ ಅರ್ಥವನ್ನು ಮುಂದಿನ ಬರಹಗಳೇ ಹೇಳಿದವು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕನ್ನಡಕ್ಕೆ ಕಾಳು ಬಂದದ್ದು ಬೈಸಿಕೊಂಡ ಮೇಲೆಯೇ.

ನಕ್ಕ ಶಿಷ್ಯನೇ, ತರಗತಿಯಲ್ಲಿ ದಾದಾ ಪಾಠ ಮಾಡುವ ದಿನ ಬೂಸಾ ಪಾಠವನ್ನೂ ಮಾಡು. ನನ್ನ ಸರ್ವೀಸಿನಲ್ಲಿ ನಾನು ಮಾಡದೆ ಉಳಿಸಿದ ಪಾಠ ಅದು.