ತಲೆ ತಿರುಗಿದರೆ ಕಿವಿಯನ್ನೂ ನೋಡಿ

ಬೆಳಗಾವಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,



ನಮ್ಮ ಎಂ.ಕೆ. ಹುಬ್ಬಳ್ಳಿ ಕಡೆ ‘ತಲಿ ತಿರಗತೈತ್ರಿ’ ಅಂತ ದವಾಖಾನೆಗೆ ಹೋದವರು ಕೇಳಿಬರುವ ಹೆಸರು ಎರಡೇ: ಪಿತ್ತ, ಇಲ್ಲವೇ ಬಿ.ಪಿ. ಒಂದು ಸಲಾಯಿನ್, ವಾಂತಿ ನಿಲ್ಲಲು ಗುಳಿಗೆ, ಮುಗಿಯಿತು.

ನಮ್ಮ ಕಾಕಾ ಅವರ ಬಲಗಿವಿ ಸಣ್ಣಂದಿನಿಂದ ಸೋರುತ್ತಿತ್ತು. ಬಳ್ಳೊಳ್ಳಿ ಕಾಸಿದ ಎಣ್ಣೆ ಬಿಡುವುದೇ ಮನೆಯ ಮದ್ದು. ಕಳೆದ ಮಳೆಗಾಲದಲ್ಲಿ ಒಂದು ಮುಂಜಾನೆ ಎದ್ದು ನಿಲ್ಲಲಾಗದೆ ಗೋಡೆ ಹಿಡಿದರು. ಆ ಕಿವಿ ಪೂರ್ತಿ ಬಂದಾಗಿತ್ತು. ಹೋದ ದವಾಖಾನೆಗಳಲ್ಲಿ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದವರೇ ಇಲ್ಲ. ಧಾರವಾಡದ ಕಿವಿ ಡಾಕ್ಟರರು ನೋಡುವಷ್ಟರಲ್ಲಿ ತಡವಾಗಿತ್ತು. ಹಳೆಯ ಸೋರಿಕೆ ಎಲುಬನ್ನೇ ತಿಂದು ಸೋಂಕು ಒಳಗಿವಿಗೆ ಇಳಿದಿತ್ತು. ತಲೆ ತಿರುಗುವುದು ನಿಂತಿದೆ, ಆ ಕಿವಿ ಮಾತ್ರ ಮರಳಲಿಲ್ಲ.

ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಭಾಗ ಸದ್ದು ಹಿಡಿಯುತ್ತದೆ. ಅದರ ಪಕ್ಕದಲ್ಲೇ ಇರುವ ಮೂರು ಅರ್ಧವೃತ್ತದ ನಾಳಗಳು ಮೈಯ ಸಮತೋಲ ಕಾಯುತ್ತವೆ. ಸೋಂಕು ಅಲ್ಲಿಗೆ ತಲುಪಿದರೆ ತಲೆಸುತ್ತು, ವಾಂತಿ, ಕಿವುಡು ಒಟ್ಟಿಗೇ ಬರುತ್ತವೆ. ಶೀತ-ಜ್ವರದ ಬೆನ್ನಿಗೆ ವೈರಸ್‌ನಿಂದಲೂ ಹೀಗಾಗುವುದುಂಟು. ಮಂಗನಬಾವು ಒಂದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಕೀವಿನ ಸೋಂಕಾದರೆ ಮಿದುಳಿನ ಪೊರೆಗೂ ಹರಡೀತು. (ನಾಲಿಗೆ ತೊದಲಿದರೆ, ಕೈಕಾಲು ಸೋತರೆ ಕಿವಿಯ ಮಾತು ಬಿಡಿ, ಅದು ಪಾರ್ಶ್ವವಾಯು ಇರಬಹುದು, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ.)

ಒಳಗಿವಿಯ ತೊಂದರೆಯನ್ನು ಗುರುತಿಸಲು ಸ್ಕ್ಯಾನಿಂಗ್‌ನಿಂದಲೇ ಶುರು ಮಾಡಬೇಕಿಲ್ಲ. ಹೈಸ್ಕೂಲ್ ಲ್ಯಾಬಿನಲ್ಲಿರುವಂಥ ಟ್ಯೂನಿಂಗ್ ಫೋರ್ಕ್ ಬಡಿದು ಹಣೆಯ ನಡುವೆ ಇಟ್ಟರೆ ಒಂದು ಸುಳಿವು ಸಿಗುತ್ತದೆ. ಗುಗ್ಗೆಯೋ ನಡುಗಿವಿಯ ತೊಂದರೆಯೋ ಇದ್ದರೆ ಸದ್ದು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಒಳಗಿವಿ ಸೋತಿದ್ದರೆ ಒಳ್ಳೆಯ ಕಿವಿಯಲ್ಲಿ. ದಿಢೀರ್ ಕಿವುಡಿಗೆ ಮೊದಲ ಎರಡು ವಾರದೊಳಗೆ ಚಿಕಿತ್ಸೆ ಆರಂಭವಾದರೆ ಫಲದ ಆಸೆ ಹೆಚ್ಚು. ಅಷ್ಟು ದಿನವನ್ನು ಪಿತ್ತದ ಗುಳಿಗೆಯಲ್ಲಿ ಕಳೆಯುವುದು ಅನ್ಯಾಯ.

2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿಯೂ ಇಂಥ ಸಲಕರಣೆಗಳೂ ಸೇರಿವೆ. ಕಿತ್ತೂರು, ಬೈಲಹೊಂಗಲ ತಾಲ್ಲೂಕುಗಳ ಕೇಂದ್ರಗಳಲ್ಲಿ ಅವು ಬಳಕೆಯಲ್ಲಿವೆಯೇ ಎಂದು ತಪಾಸಣೆ ಮಾಡಿಸಿ. ತಿಂಗಳಿಗೊಂದು ದಿನ ಕಿತ್ತೂರಿಗೆ ಕಿವಿ ತಜ್ಞರನ್ನು ಕಳಿಸಿ, ಆ ದಿನವನ್ನು ಬೋರ್ಡಿನಲ್ಲಿ ಬರೆಸಿ. ಗಂಗಾಂಬಿಕೆಯ ಐಕ್ಯಮಂಟಪದ ಬಳಿ ಮಲಪ್ರಭೆಯಲ್ಲಿ ಮುಳುಗು ಹಾಕುವ ಜನರಿಗೆ, ಸೋರುವ ಕಿವಿಗೆ ನೀರೂ ಎಣ್ಣೆಯೂ ಬೇಡವೆಂದು ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಿ. ಮುಂದಿನ ಮಳೆಗಾಲದ ಮೊದಲೇ ಇದಾಗಲಿ ಎಂದು ಕೋರುತ್ತೇನೆ.

ಇಂತಿ,
ಎಂ.ಕೆ. ಹುಬ್ಬಳ್ಳಿಯ ಒಬ್ಬ ನಿವಾಸಿ