ಹಳಿ ಬಂದರೆ ಸಾಲದು

ಆಳಂದ, ಅಫಜಲಪುರ, ಜೇವರ್ಗಿಯ ಬಂಧುಗಳು ರೈಲು ಕೇಳುತ್ತಿದ್ದಾರೆ, ಬೇಡಿಕೆ ನ್ಯಾಯವಾದದ್ದೇ. ಮುಂಬಯಿ–ಮದರಾಸು ಹಾದಿ 1871ರ ಹೊತ್ತಿಗೇ ಕಲಬುರಗಿ ಸೀಮೆಯನ್ನು ದಾಟಿದ್ದರೂ ಈ ಮೂರು ತಾಲ್ಲೂಕು ಕೇಂದ್ರಗಳಿಗೆ ನಿಲ್ದಾಣವಿಲ್ಲ. 1990ರ ದಶಕದಲ್ಲಿ ಮಂಜೂರಾದ ಬೀದರ–ಕಲಬುರಗಿ ಮಾರ್ಗ ತೆರೆದದ್ದು 2017ರಲ್ಲಿ. ಆದರೂ ನಮ್ಮದೊಂದು ಮಾತು. ಕಡೂರು–ಚಿಕ್ಕಮಗಳೂರು ರೈಲನ್ನು 2013ರಲ್ಲಿ ನಾವೂ ಸಂಭ್ರಮದಿಂದ ಬರಮಾಡಿಕೊಂಡೆವು. ನಮ್ಮ ಕಾಫಿ ಮೂಟೆಗಳು ಮಾತ್ರ ಇಂದಿಗೂ ಲಾರಿಯನ್ನೇ ಹತ್ತುತ್ತವೆ. ರೈಲ್ವೆ ಸರಕು ಒಯ್ಯುವುದು ಹೆಚ್ಚಾಗಿ ಇಡೀ ರೇಕಿನ ಲೆಕ್ಕದಲ್ಲಿ: ಸುಮಾರು 40 ವ್ಯಾಗನ್, ಒಂದೊಂದಕ್ಕೆ 60 ಟನ್ನಿನಷ್ಟು. ಹತ್ತು ಚೀಲ ತೊಗರಿಯ ರೈತನಿಗೆ ಅಲ್ಲಿ ಜಾಗವೆಲ್ಲಿ? ಹಳಿ ಕೇಳುವಾಗಲೇ ಗೂಡ್ಸ್ ಷೆಡ್ಡನ್ನೂ ಗೋದಾಮನ್ನೂ ಕೇಳಬೇಕು. ಸಂಘಗಳು ಕೂಡಿ ರೇಕು ತುಂಬಿಸುವ ಲೆಕ್ಕವನ್ನು ಈಗಲೇ ಹಾಕಬೇಕು. ನಾವು ಹಾಕಿರಲಿಲ್ಲ.