ನ್ಯಾಯವಿಚಾರ: ಕಾವೇರಿಯ ನೀರು, ಹೆಲ್ಸಿಂಕಿಯ ನಿಯಮ

ಬಿಟಿಎಂ ಲೇಔಟಿನ ವಾಚಕರೊಬ್ಬರು ಅಚ್ಚಾದ ಕರಪತ್ರವೊಂದನ್ನು ನಮಗೆ ಕಳುಹಿಸಿ, ಅದರಲ್ಲಿ ಹೇಳಿರುವ ಕಾನೂನು ನಿಜವೇ ಎಂದು ಕೇಳಿರುವರು. ಅವರ ಬೀದಿಯಲ್ಲಿ ಬೇಸಗೆ ಬಂದರೆ ಕೊಳಾಯಿಯ ನೀರಿಗಿಂತ ಟ್ಯಾಂಕರಿನ ನೀರೇ ಹೆಚ್ಚಂತೆ. ಆದುದರಿಂದ ಗೃಹಸ್ಥರೆಲ್ಲರೂ ಸೇರಿ ಜಲಮಂಡಳಿಗೆ ಮನವಿಯೊಂದನ್ನು ಕೊಡಲು ನಿಶ್ಚಯಿಸಿರುವರು. ಆ ಮನವಿಗೆ ಈ ಕರಪತ್ರವೇ ಆಧಾರವು. ೧೯೬೬ರ ಹೆಲ್ಸಿಂಕಿ ಒಪ್ಪಂದಕ್ಕೆ ಭಾರತವು ಸಹಿ ಹಾಕಿದೆ, ಅದರಂತೆ ಕುಡಿಯುವ ನೀರಿಗೆ ಪ್ರಥಮ ಸ್ಥಾನ. ಹಾರ್ಮನ್ ಸಿದ್ಧಾಂತವೆಂಬ ಅಂತರರಾಷ್ಟ್ರೀಯ ಕಾನೂನಿನಂತೆ ನದಿಯು ಹುಟ್ಟಿದ ಸೀಮೆಗೇ ನೀರೆಲ್ಲ ಸೇರತಕ್ಕದ್ದು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿಗೆಂದೇ ೧೪.೭೫ ಟಿಎಂಸಿ ನೀರನ್ನು ಕೊಟ್ಟಿತು, ಎಂದು ಅದರಲ್ಲಿ ಬರೆದಿದೆ. "ರುಜು ಹಾಕಬಹುದೇ?" ಎಂಬುದು ವಾಚಕರ ಪ್ರಶ್ನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಕಣ್ಣಿಗೆ ಕಂಡ ವಸ್ತುವಿನ ವಿಷಯವಾಗಿ ಹೇಳಿದರು. ಕಣ್ಣಿಗೆ ಕಾಣದ ಪರದೇಶದ ಕಾನೂನಿನ ವಿಷಯದಲ್ಲಿ ಎಷ್ಟು ಪಾಲು ಹೆಚ್ಚು ಎಚ್ಚರ ಬೇಕೆಂಬುದನ್ನು ಹೇಳಬೇಕಾದುದಿಲ್ಲ. ಸಾಮಾನ್ಯರ ಮಾತು ಹಾಗಿರಲಿ, ನ್ಯಾಯಸ್ಥಾನಗಳೇ ಈಚೆಗೆ ಈ ಹಳ್ಳದಲ್ಲಿ ಬಿದ್ದಿವೆ. ಆದಾಯ ತೆರಿಗೆಯ ಅಪೀಲು ನ್ಯಾಯಮಂಡಳಿಯ ಬೆಂಗಳೂರು ಪೀಠವು ೨೦೨೪ರ ಡಿಸೆಂಬರಿನಲ್ಲಿ ಕೊಟ್ಟ ಆಜ್ಞೆಯೊಂದರಲ್ಲಿ ಎಲ್ಲಿಯೂ ಇಲ್ಲದ ತೀರ್ಪುಗಳ ಹೆಸರುಗಳು ಸೇರಿದ್ದುವು. ೨೦೨೫ರ ಜನವರಿಯಲ್ಲಿ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದೇ ವರ್ಷದ ಮಾರ್ಚಿಯಲ್ಲಿ, ನಗರದ ಸಿವಿಲ್ ನ್ಯಾಯಾಲಯವೊಂದು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳೆಂದು ಉದಾಹರಿಸಿದ್ದವು ಹುಟ್ಟೇ ಇರಲಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆರ್. ದೇವದಾಸರು ಕಂಡು, ಆ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಆಜ್ಞಾಪಿಸಿದರು. ನ್ಯೂಯಾರ್ಕಿನಲ್ಲಿ ವಿಮಾನದ ಪರಿಚಾರಕರ ಗಾಡಿಯು ಮೊಳಕಾಲಿಗೆ ಬಡಿದ ಪ್ರಯಾಣಿಕನೊಬ್ಬನು ಪರಿಹಾರ ಕೇಳಿದನು. ವ್ಯಾಜ್ಯದ ವಾಯಿದೆಯನ್ನು ಕುರಿತ ಮಾಂಟ್ರಿಯಲ್ ಒಡಂಬಡಿಕೆಯ ವಿಷಯವಾಗಿ ಅವನ ವಕೀಲರು ತಂದ ತೀರ್ಪುಗಳಲ್ಲಿ ಹಲವು ಚಾಟ್‌ಜಿಪಿಟಿ ಎಂಬ ಯಂತ್ರದ ಕಲ್ಪನೆಗಳಾಗಿದ್ದುವು. ೨೦೨೩ರ ಜೂನ್ ತಿಂಗಳಲ್ಲಿ ನ್ಯಾಯಾಧಿಪತಿ ಕ್ಯಾಸ್ಟೆಲರು ಅವರಿಗೆ ೫,೦೦೦ ಡಾಲರು ದಂಡ ಹಾಕಿದರು.

ಆದರೆ ಇಲ್ಲದ ತೀರ್ಪನ್ನು ಹಿಡಿಯುವುದು ಸುಲಭ. ಹುಡುಕಿದರೆ ಸಿಕ್ಕುವುದಿಲ್ಲ, ಅಷ್ಟೆ. ಕಷ್ಟವೆಲ್ಲ ಇರುವುದನ್ನೇ ಹೇಳಿ, ಅದರಲ್ಲಿ ಇಲ್ಲದ ಅರ್ಥವನ್ನು ತುಂಬುವವರಿಂದ. ನಮ್ಮ ವಾಚಕರ ಕರಪತ್ರವು ಈ ಎರಡನೆಯ ಜಾತಿಗೆ ಸೇರಿದುದು.

ವರನನ್ನು ನೋಡಹೊರಟ ಮನೆಯವರು ಹುಡುಗನು ಯಾರ ಮಗ, ಏನು ಕೆಲಸ, ಹೇಳಿದ ಊರಿನಲ್ಲಿ ನಿಜವಾಗಿ ಇರುವನೇ ಎಂದು ವಿಚಾರಿಸುವರಷ್ಟೆ. ಕಾನೂನಿನ ಆಧಾರವನ್ನೂ ಹಾಗೆಯೇ ವಿಚಾರಿಸತಕ್ಕದ್ದು. ಮೊದಲನೆಯದಾಗಿ ಹೆಲ್ಸಿಂಕಿಯ ತಂದೆ ಯಾರು? ೧೯೬೬ರ ಆಗಸ್ಟಿನಲ್ಲಿ ಹೆಲ್ಸಿಂಕಿ ಪಟ್ಟಣದಲ್ಲಿ ಕೂಡಿದುದು ರಾಷ್ಟ್ರಗಳ ಸಭೆಯಲ್ಲ. ಅಂತರರಾಷ್ಟ್ರೀಯ ನ್ಯಾಯಸಂಘವೆಂಬ, ೧೮೭೩ರಲ್ಲಿ ಸ್ಥಾಪಿತವಾದ ನ್ಯಾಯಪಂಡಿತರ ಕೂಟ. ಅವರು ನದಿಗಳ ನೀರಿನ ವಿಷಯವಾಗಿ ನಿಯಮಗಳನ್ನು ರಚಿಸಿದರು. ಅದಕ್ಕೆ ಯಾವ ರಾಷ್ಟ್ರವೂ ಸಹಿ ಹಾಕಿಲ್ಲ, ಹಾಕುವುದಕ್ಕೆ ಸ್ಥಳವೂ ಇಲ್ಲ. ಹಾಗೆಂದು ಅದು ಬೆಲೆಯಿಲ್ಲದ ಕಾಗದವೆಂದೂ ತಿಳಿಯಕೂಡದು. ಅಂತರರಾಷ್ಟ್ರೀಯ ನ್ಯಾಯಾಲಯದ ನಿಬಂಧನೆಯ ೩೮ನೆಯ ವಿಧಿಯು ಒಡಂಬಡಿಕೆ, ರೂಢಿ, ಸಾಮಾನ್ಯ ನ್ಯಾಯತತ್ವಗಳು ಎಂದು ಮುಖ್ಯ ಪ್ರಮಾಣಗಳನ್ನು ಹೇಳಿ, ಆಮೇಲೆ ತೀರ್ಪುಗಳನ್ನೂ ಪಂಡಿತರ ಗ್ರಂಥಗಳನ್ನೂ ಸಹಾಯಕ ಪ್ರಮಾಣಗಳಾಗಿ ಒಪ್ಪಿದೆ. ಹೆಲ್ಸಿಂಕಿಯ ನಿಯಮಗಳ ಮರ್ಯಾದೆ ಈ ಕಡೆಯ ಪಂಕ್ತಿಯಲ್ಲಿ ಬರುವುದು.

ಎರಡನೆಯದಾಗಿ, ಅದು ಹೇಳುವುದೇನು? ಇಲ್ಲಿ ಕರಪತ್ರದ ಬರೆಹಗಾರರು ಮೂಲವನ್ನು ತೆರೆದು ನೋಡಿಲ್ಲವೆಂಬುದು ಹೊರಬೀಳುತ್ತದೆ. ನಾಲ್ಕನೆಯ ವಿಧಿಯು ಜಲಾನಯನದ ಪ್ರತಿಯೊಂದು ರಾಷ್ಟ್ರಕ್ಕೂ ನ್ಯಾಯಸಮ್ಮತವಾದ ಪಾಲು ಉಂಟೆನ್ನುವುದು. ಐದನೆಯದು ಆ ಪಾಲನ್ನು ಗೊತ್ತುಮಾಡುವಾಗ ನೋಡಬೇಕಾದ ಅಂಶಗಳನ್ನು ಹೇಳುವುದು. ಆರನೆಯದೋ, ನೀರಿನ ಯಾವ ಉಪಯೋಗಕ್ಕೂ ಇನ್ನೊಂದರ ಮೇಲೆ ಸ್ವತಸ್ಸಿದ್ಧವಾದ ಅಗ್ರಸ್ಥಾನವಿಲ್ಲವೆಂದು ಸ್ಪಷ್ಟವಾಗಿ ಸಾರುವುದು! ಅಂದರೆ ಕರಪತ್ರವು ಹೇಳುವುದಕ್ಕೆ ನೇರ ವಿರುದ್ಧ. ಮನುಷ್ಯನ ಪ್ರಾಣಾವಶ್ಯಕತೆಗೆ ಮೊದಲು ನೀರನ್ನು ಕೊಡಬೇಕೆಂಬ ಮಾತು ಬಂದುದು ಅದೇ ಸಂಘವು ೨೦೦೪ರಲ್ಲಿ ಮಾಡಿದ ಬರ್ಲಿನ್ ನಿಯಮಗಳ ೧೪ನೆಯ ವಿಧಿಯಲ್ಲಿ. ಊರಿನ ಹೆಸರೊಂದು ತಪ್ಪಿದುದರಿಂದ ಇಡೀ ವಾದವೇ ಎದುರಾಳಿಯ ಕೈಗೆ ಹೋದಂತಾಯಿತು.

ನಿಜವಾದ ಒಡಂಬಡಿಕೆಯೇ ಬೇಕೆನ್ನುವವರು ೧೯೯೭ರ ಮೇ ೨೧ರಂದು ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಜಲಮಾರ್ಗಗಳ ಒಡಂಬಡಿಕೆಯನ್ನು ನೋಡಬೇಕು. ಅದಕ್ಕೆ ೧೦೩ ರಾಷ್ಟ್ರಗಳು ಅನುಕೂಲವಾಗಿಯೂ ತುರ್ಕಿ, ಚೀನ, ಬುರುಂಡಿ ಈ ಮೂರು ಪ್ರತಿಕೂಲವಾಗಿಯೂ ಮತ ಕೊಟ್ಟುವು, ಭಾರತವು ತಟಸ್ಥವಾಗಿದ್ದಿತು. ೩೫ ರಾಷ್ಟ್ರಗಳ ಸಮ್ಮತಿ ಬಂದ ಮೇಲೆ ೨೦೧೪ರ ಆಗಸ್ಟ್ ೧೭ರಂದು ಅದು ಜಾರಿಗೆ ಬಂದಿತು; ಭಾರತವು ಅದರಲ್ಲಿ ಸೇರಿಲ್ಲ. ಇದನ್ನು ಪರೀಕ್ಷಿಸುವುದು ಗೃಹಸ್ಥನಿಗೂ ಅಸಾಧ್ಯವಲ್ಲ. ವಿಶ್ವಸಂಸ್ಥೆಯ ಸನ್ನದಿನ ೧೦೨ನೆಯ ವಿಧಿಯಂತೆ ಸದಸ್ಯ ರಾಷ್ಟ್ರಗಳು ಮಾಡಿಕೊಳ್ಳುವ ಒಡಂಬಡಿಕೆಗಳು ಅಲ್ಲಿ ದಾಖಲಾಗತಕ್ಕವು. ಆ ಸಂಗ್ರಹವನ್ನು ಅಂತರ್ಜಾಲದಲ್ಲಿ ಯಾರೂ ಹಣವಿಲ್ಲದೆ ತೆರೆಯಬಹುದು. ಯಾರು ಸಹಿ ಹಾಕಿದರು, ಯಾರು ಸ್ಥಿರೀಕರಿಸಿದರು, ಯಾವ ಷರತ್ತಿನ ಮೇಲೆ ಎಂಬ ಪಟ್ಟಿಯು ಪಕ್ಕದಲ್ಲಿಯೇ ಇರುವುದು. ಸಹಿಯೇ ಬೇರೆ, ಸ್ಥಿರೀಕರಣವೇ ಬೇರೆ. ನಿಶ್ಚಿತಾರ್ಥವಾದ ಮಾತ್ರಕ್ಕೆ ಮದುವೆಯಾಯಿತೆಂದು ಯಾರೂ ಹೇಳರು.

ಹಾರ್ಮನ್ ಮಹಾಶಯನ ಕಥೆಯು ಇನ್ನೂ ಸ್ವಾರಸ್ಯವಾದುದು. ಜಡ್ಸನ್ ಹಾರ್ಮನ್ ಎಂಬಾತನು ಅಮೆರಿಕದ ಅಟಾರ್ನಿ ಜನರಲ್ ಆಗಿದ್ದನು. ರಿಯೊ ಗ್ರಾಂಡೆ ನದಿಯ ನೀರನ್ನು ಅಮೆರಿಕದವರೇ ತಿರುಗಿಸಿಕೊಳ್ಳುತ್ತಾರೆಂದು ಮೆಕ್ಸಿಕೊ ದೂರಲು, ತನ್ನ ಸೀಮೆಯಲ್ಲಿ ಅಮೆರಿಕವು ಸರ್ವತಂತ್ರ ಸ್ವತಂತ್ರ, ಅದನ್ನು ಕಟ್ಟುವ ಕಾನೂನಿಲ್ಲ ಎಂದು ಆತನು ೧೮೯೫ರ ಡಿಸೆಂಬರಿನಲ್ಲಿ ತನ್ನ ಸರ್ಕಾರಕ್ಕೆ ಅಭಿಪ್ರಾಯ ಬರೆದುಕೊಟ್ಟನು. ಅದು ತೀರ್ಪಲ್ಲ, ಕಕ್ಷಿಗಾರನಿಗೆ ತನ್ನ ವಕೀಲನು ಕೊಟ್ಟ ಸಲಹೆ. ಆ ಸರ್ಕಾರವೇ ೧೯೦೬ರಲ್ಲಿ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ೬೦,೦೦೦ ಎಕರೆ-ಅಡಿ ನೀರನ್ನು ಕೊಡಲೊಪ್ಪಿತು. ಬರೆಸಿಕೊಂಡವರೇ ಬಿಟ್ಟ ಅಭಿಪ್ರಾಯವನ್ನು ನಮ್ಮವರು ಕಾವೇರಿಯ ತೀರದಲ್ಲಿ ಹಿಡಿದುಕೊಂಡಿರುವುದು ನಮಗೆ ಸರಿತೋರದು. ಮೇಲ್ದಂಡೆಯ ನಾಡಿನವರಿಗೆ ಈ ವಾದದ ಮೇಲೆ ಮೋಹವಿರುವುದು ಸಹಜ. ಆದರೆ ೨೦೧೮ರ ತೀರ್ಪು ಅದಕ್ಕೆ ಸ್ಥಳ ಕೊಟ್ಟಿಲ್ಲ. ನದಿಯ ನೀರು ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲವೆಂಬುದೇ ಅದರ ನೆಲೆ.

ಕೆಳದಂಡೆಯವರೂ ಇಂತಹ ಮೋಹಕ್ಕೆ ಹೊರತಲ್ಲ. ಅವರ ಪಕ್ಷದಲ್ಲಿ ಕ್ಯಾನ್ಸಸ್ ಮತ್ತು ಕೊಲರಾಡೊ ಸಂಸ್ಥಾನಗಳ ವ್ಯಾಜ್ಯವನ್ನು ಎತ್ತಿ ಹೇಳುವುದುಂಟು. ಅದರ ಗುರುತು "೨೦೬ ಯು.ಎಸ್. ೪೬". ಇದನ್ನು ಓದುವ ಕ್ರಮ ಹೀಗೆ: ಅಮೆರಿಕದ ಸುಪ್ರೀಂ ಕೋರ್ಟಿನ ವರದಿಗಳ ೨೦೬ನೆಯ ಸಂಪುಟ, ೪೬ನೆಯ ಪುಟದಿಂದ ಆರಂಭ, ವರ್ಷ ೧೯೦೭. ಸಂಪುಟ, ಪುಟ, ವರ್ಷ ಈ ಮೂರೂ ಹೊಂದಿದರೆ ತೀರ್ಪು ಇದೆಯೆಂದು ತಿಳಿಯುವುದು. ಅಷ್ಟಕ್ಕೇ ನಿಲ್ಲದೆ ಕಡೆಯ ಪುಟವನ್ನೂ ನೋಡತಕ್ಕದ್ದು. ಎರಡು ಸಂಸ್ಥಾನಗಳೂ ಸಮಾನ, ನೀರಿನ ಹಂಚಿಕೆ ನ್ಯಾಯವಾಗಿರಬೇಕು ಎಂಬ ತತ್ವವು ಅಲ್ಲಿ ಇರುವುದು ನಿಜ. ಆದರೆ ಕೆಳದಂಡೆಯ ಕ್ಯಾನ್ಸಸಿನ ದಾವೆಯು ವಜಾ ಆಯಿತು, ಮುಂದೆ ಹಾನಿ ಹೆಚ್ಚಿದರೆ ಮತ್ತೆ ಬರಬಹುದೆಂದು ಮಾತ್ರ ಬಾಗಿಲನ್ನು ತೆರೆದಿಟ್ಟರು.

ಹೀಗೆ ಮೂಲಕ್ಕೇ ಹೋಗುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ದಕ್ಷಿಣ ಕನ್ನಡದವರಾದ ಬೆನೆಗಲ್ ನರಸಿಂಗರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾಗಿ ಪರದೇಶಗಳ ರಾಜ್ಯಾಂಗಗಳಿಂದ ಪೂರ್ವನಿದರ್ಶನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿ ಸದಸ್ಯರ ಕೈಗೆ ಕೊಟ್ಟರು. ಅದೂ ಸಾಲದೆಂದು ೧೯೪೭ರ ಕೊನೆಯಲ್ಲಿ ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡ್ ದೇಶಗಳಿಗೆ ಹೋಗಿ, ಫ್ರಾಂಕ್‌ಫರ್ಟರರಂತಹ ನ್ಯಾಯಾಧಿಪತಿಗಳನ್ನು ಕಂಡು, ಪುಸ್ತಕದಲ್ಲಿರುವ ವಿಧಿಯು ಆಚರಣೆಯಲ್ಲಿ ಹೇಗೆ ನಡೆಯುತ್ತಿದೆಯೆಂದು ಕೇಳಿ ತಿಳಿದರು. ಮುಂದೆ ೧೯೫೨ರಲ್ಲಿ ಅವರೇ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧಿಪತಿಗಳಾದರು, ಮರುವರ್ಷ ತೀರಿಕೊಂಡರು.

ಇನ್ನು ಬಿಟಿಎಂ ಲೇಔಟಿನ ನೀರಿನ ಲೆಕ್ಕ. ಮಡಿವಾಳದ ಕೆರೆ ಕೋಡಿಬಿದ್ದರೆ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುವುದೇ ಹೊರತು ಕಾವೇರಿಗಲ್ಲ. ಅಂದರೆ ಈ ಬಡಾವಣೆಯು ಕುಡಿಯುವುದು ಕಾವೇರಿಯನ್ನು, ಇರುವುದು ಕಾವೇರಿಯ ಜಲಾನಯನದ ಹೊರಗೆ. ಇದು ಬರಿಯ ಭೂಗೋಳದ ಮಾತಲ್ಲ. ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಜಲಾನಯನದೊಳಗೆ ಇದೆ, ನಗರದ ಅರ್ಧ ಅಗತ್ಯವು ಅಂತರ್ಜಲದಿಂದ ತೀರುವುದು ಎಂದು ಎಣಿಸಿ ಕಾವೇರಿ ನ್ಯಾಯಮಂಡಳಿಯು ೨೦೦೭ರಲ್ಲಿ ನಗರದ ಪಾಲನ್ನು ಕಿರಿದುಮಾಡಿತ್ತು. ೨೦೧೮ರ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ಈ ಎಣಿಕೆಯನ್ನು ಒಪ್ಪಲಿಲ್ಲ. ಹೆಲ್ಸಿಂಕಿಯ ನಿಯಮಗಳನ್ನೂ, ೧೯೯೯ರ ಕಂಪಿಯೋನೆ ನಿಯಮಗಳನ್ನೂ, ದೇಶದ ಜಲನೀತಿಯನ್ನೂ ವಿಚಾರಮಾಡಿ, ಕುಡಿಯುವ ನೀರಿನ ಅಗತ್ಯವನ್ನು ಮೇಲಿನ ಮಟ್ಟದಲ್ಲಿಟ್ಟಿತು. ಕರ್ನಾಟಕದ ಪಾಲು ೨೭೦ರಿಂದ ೨೮೪.೭೫ ಟಿಎಂಸಿಗೆ ಏರಿತು. ಈ ಹೆಚ್ಚಳವೇ ಕರಪತ್ರದ ೧೪.೭೫. ಅದರಲ್ಲಿ ೧೦ ಟಿಎಂಸಿಯು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ತಂದುದರಿಂದ ರಾಜ್ಯಕ್ಕೆ ಬಂದುದು. ಬೆಂಗಳೂರಿಗೆಂದು ಹೇಳಿದುದು ೪.೭೫ ಮಾತ್ರ, ಅಂದರೆ ೪೭೫ ಕೋಟಿ ಘನ ಅಡಿ.

ಅಂತರರಾಷ್ಟ್ರೀಯ ನಿಯಮಗಳು ಎರಡು ರಾಷ್ಟ್ರಗಳ ನದಿಗೆ ಹೇಳಿದವು. ಒಂದೇ ದೇಶದ ಕಾವೇರಿಗೆ ಅವು ತತ್ವದ ಮಟ್ಟಿಗೆ ಮಾತ್ರ ಬಂದಿವೆ. ಆದುದರಿಂದ ವಾಚಕರು ಅಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ. ತೀರ್ಪಿನ ಮೂಲವನ್ನು ಸರ್ವೋಚ್ಚ ನ್ಯಾಯಾಲಯವೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅದರಿಂದ ಬೆಂಗಳೂರಿನ ಭಾಗವನ್ನು ಪ್ರತಿ ಮಾಡಿಸಿ ಮನವಿಗೆ ಲಗತ್ತಿಸಿ, ಮೊದಲ ವಾಕ್ಯವನ್ನು ಹೀಗೆ ತಿದ್ದಬಹುದು: "ಕಾವೇರಿಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೬-೨-೨೦೧೮ರಂದು ಬೆಂಗಳೂರಿನ ಕುಡಿಯುವ ನೀರಿಗಾಗಿ ೪.೭೫ ಟಿಎಂಸಿಯನ್ನು ಹೆಚ್ಚಾಗಿ ಕೊಟ್ಟಿರುವುದರಿಂದ, ನಮ್ಮ ಬಡಾವಣೆಗೆ ಅದರಲ್ಲಿ ಬರುವ ಪಾಲು ಎಷ್ಟೆಂದು ತಿಳಿಸಬೇಕಾಗಿ ಕೋರುತ್ತೇವೆ." ಈ ಮಾತಿಗೆ ರುಜು ಹಾಕಲು ಅಡ್ಡಿಯಿಲ್ಲ. ಹೆಲ್ಸಿಂಕಿಯ ವಾಕ್ಯವನ್ನೂ ಹಾರ್ಮನ್ನನ ಹೆಸರನ್ನೂ ಮನವಿಯಿಂದ ಹೊಡೆದುಹಾಕತಕ್ಕದ್ದು.